ಬಕನೀರ್: ಮಾಂಸ ಹೊಗೆಗಿಡುತ್ತಿದ್ದವರು ಕಡಲ್ಗಳ್ಳರಾದ ಬಗೆ

ಕಡಲ್ಗಳ್ಳರ ಕಥೆ ಓದಿದವರಿಗೆ ಸರ್ ಹೆನ್ರಿ ಮಾರ್ಗನ್ ಹೊಸಬನಲ್ಲ. 1668ರಲ್ಲಿ ಪೋರ್ಟೊಬೆಲೊ, 1669ರಲ್ಲಿ ಮಾರಕೈಬೊ, 1671ರಲ್ಲಿ ಪನಾಮ, ಹೀಗೆ ಸ್ಪೇನಿನ ಅಧೀನದಲ್ಲಿದ್ದ ಊರುಗಳನ್ನು ಒಂದಾದ ಮೇಲೊಂದರಂತೆ ಸೂರೆಗೈದವನು. ಪನಾಮದ ದಾಳಿಗೆ ಸಾವಿರಕ್ಕೂ ಮೀರಿದ ಜನರನ್ನು ಕಾಡು ದಾಟಿಸಿಕೊಂಡು ಹೋಗಿದ್ದ. ಇಂಥವನು 1685ರಲ್ಲಿ ಲಂಡನ್ನಿನ ಇಬ್ಬರು ಪ್ರಕಾಶಕರ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿದ. ಅವರು ಅಚ್ಚು ಹಾಕಿದ ಪುಸ್ತಕದಲ್ಲಿ ತನ್ನ ಬಗ್ಗೆ ಸುಳ್ಳು ಬರೆದಿದೆ ಎಂಬುದು ದೂರು. ಅವನ ಪರವಾಗಿ ನ್ಯಾಯಾಲಯಕ್ಕೆ ಸಲ್ಲಿಸಿದ ಹೇಳಿಕೆಯ ಸಾರ ಇಷ್ಟು: ವೆಸ್ಟ್ ಇಂಡೀಸಿನಲ್ಲಿ ‘ಬಕನೀರ್’ ಎಂದು ಕರೆಸಿಕೊಳ್ಳುವ ಕಳ್ಳರು, ಕಡಲ್ಗಳ್ಳರು ಇದ್ದಾರೆ, ಅವರು ಕಾನೂನಿನ ಯಾವ ಅಧಿಕಾರವೂ ಇಲ್ಲದೆ ಲೂಟಿ ಮಾಡಿ ಬದುಕುತ್ತಾರೆ, ಅಂಥವರನ್ನು ಕಂಡರೆ ಮಾರ್ಗನ್‌ಗೆ ಮೊದಲಿನಿಂದಲೂ ಆಗುವುದಿಲ್ಲ. ಮಾರ್ಗನ್ ಗೆದ್ದ. 200 ಪೌಂಡ್ ಪರಿಹಾರವೂ ಸಿಕ್ಕಿತು.

ಇಂದು ಬಕನೀರ್ ಎಂದರೆ ಮೊದಲು ನೆನಪಾಗುವವನೇ ಅವನು. ಅದು ಹಾಗಿರಲಿ. ಈ ಮೊಕದ್ದಮೆ ನಮಗೆ ಇನ್ನೊಂದು ವಿಷಯ ತಿಳಿಸುತ್ತದೆ. 1685ರ ಹೊತ್ತಿಗೆ ಇಂಗ್ಲಿಷರ ಬಾಯಲ್ಲಿ ಈ ಪದ ಬೈಗುಳವಾಗಿತ್ತು. ಅದಕ್ಕೆ ಐವತ್ತು ವರ್ಷ ಮೊದಲು ಕೆರಿಬಿಯನ್ ದ್ವೀಪಗಳಲ್ಲಿ ಯಾರನ್ನಾದರೂ ಹಾಗೆ ಕರೆದಿದ್ದರೆ ಅವನು ಬೇಸರಿಸಿಕೊಳ್ಳುತ್ತಿರಲಿಲ್ಲ. ಅವನು ಬೇಟೆಗಾರ, ಮಾಂಸವನ್ನು ಹೊಗೆಯಲ್ಲಿ ಒಣಗಿಸಿ ಮಾರುವವನು. ಅವನ ಹೆಸರು ಬಂದದ್ದು ಕಡಲಿನಿಂದಲ್ಲ, ಕತ್ತಿಯಿಂದಲೂ ಅಲ್ಲ, ಒಲೆಯ ಮೇಲಿನ ಅಟ್ಟಣಿಗೆಯಿಂದ.

ಆ ಅಟ್ಟಣಿಗೆ ಬ್ರೆಜಿಲಿನದು. ಅಲ್ಲಿನ ಕರಾವಳಿಯ ಟುಪಿ ಭಾಷಿಕರು ಅದನ್ನು ‘ಮೊಕೆಂ’ ಎಂದು ಕರೆಯುತ್ತಿದ್ದರು. 1555ರಲ್ಲಿ ಫ್ರೆಂಚರು ಇಂದಿನ ರಿಯೊ ಡಿ ಜನೈರೊ ಇರುವ ಗ್ವಾನಬಾರಾ ಕೊಲ್ಲಿಯಲ್ಲಿ ಒಂದು ಸಣ್ಣ ವಸಾಹತು ಕಟ್ಟಿದರು. ಪೋರ್ಚುಗೀಸರು ಅದನ್ನು ಹೆಚ್ಚು ದಿನ ಉಳಿಯಗೊಡಲಿಲ್ಲ. ಅಷ್ಟರಲ್ಲಿ ಫ್ರೆಂಚರ ನಾಲಿಗೆಯ ಮೇಲೆ ಆ ಪದ ‘ಬೂಕಾನ್’ ಎಂದು ತಿರುಗಿತ್ತು. 1557ರಲ್ಲಿ ಅಲ್ಲಿಗೆ ಹೋಗಿದ್ದ ಜಾಂ ದ ಲೆರಿ ಎಂಬ ಪ್ರೊಟೆಸ್ಟೆಂಟ್ ಯುವಕ 1578ರಲ್ಲಿ ಪ್ರಕಟಿಸಿದ ಪ್ರವಾಸ ಕಥನದಲ್ಲಿ ಇದನ್ನು ಅಳತೆಸಹಿತ ಬರೆದಿದ್ದಾನೆ. ತೋಳಿನಷ್ಟು ದಪ್ಪದ ನಾಲ್ಕು ಕವೆಗೋಲುಗಳನ್ನು ಸುಮಾರು ಮೂರು ಅಡಿ ಅಂತರದಲ್ಲಿ ಚೌಕವಾಗಿ ನೆಡಬೇಕು. ಎತ್ತರ ಎರಡೂವರೆ ಅಡಿ. ಮೇಲೆ ಅಡ್ಡಡ್ಡಲಾಗಿ ಕೋಲುಗಳನ್ನು ಹಾಸಿ, ಅದರ ಮೇಲೆ ಮಾಂಸದ ತುಂಡುಗಳನ್ನು ಹರವಿ, ಕೆಳಗೆ ಸಣ್ಣ ಬೆಂಕಿ ಹಾಕಿ, ಆಗಾಗ ಮಗುಚುತ್ತಿರಬೇಕು. ಟುಪಿಗಳು ಮಾಂಸಕ್ಕೆ ಉಪ್ಪು ಹಾಕಿಡುವವರಲ್ಲ, ಆದ್ದರಿಂದ ಕೆಡದಂತೆ ಇಡಲು ಅವರಿಗೆ ಇದೊಂದೇ ದಾರಿ ಎಂದು ಲೆರಿ ಕಾರಣವನ್ನೂ ಕೊಡುತ್ತಾನೆ. ಕೊಡಗಿನಲ್ಲಿ ಒಲೆಯ ಮೇಲೆ ಹಂದಿಮಾಂಸ ತೂಗುಬಿಟ್ಟು ಒಣಗಿಸುವುದನ್ನು ಕಂಡವರಿಗೆ ಇದರ ತರ್ಕ ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಬಗೆಯ ಕಟ್ಟಣೆಗೆ ಕೆರಿಬಿಯನ್ನಿನ ಟೈನೊ ಜನರಲ್ಲಿ ಬೇರೆ ಹೆಸರಿತ್ತು: ‘ಬಾರ್ಬಕೊವಾ’. ಅದನ್ನು ಸ್ಪ್ಯಾನಿಷರು ಎತ್ತಿಕೊಂಡರು. ಈಗ ರೆಸಾರ್ಟುಗಳ ಜಾಹೀರಾತಿನಲ್ಲಿ ಕಾಣುವ ಬಾರ್ಬೆಕ್ಯೂ ಅದರ ಸಂತಾನ. ಎರಡು ಬೇರೆ ಭಾಷೆಗಳು, ಒಂದೇ ಸಾಧನ. ಒಂದು ಪದ ವಾರಾಂತ್ಯದ ಊಟಕ್ಕೆ ಹೋಯಿತು, ಇನ್ನೊಂದು ಗಲ್ಲುಗಂಬದ ತನಕ ಹೋಯಿತು. ಬಕನೀರ್ ‘ಬೇಕನ್’ನಿಂದ ಹುಟ್ಟಿತು ಎಂದು ಕೆಲವರು ಊಹಿಸುವುದುಂಟು. ಹಂದಿ, ಉಪ್ಪು, ಹೊಗೆ ಎಲ್ಲ ಹೊಂದುತ್ತವೆ ನಿಜ, ನಂಟು ಮಾತ್ರ ಇಲ್ಲ. ಬೇಕನ್ ಜರ್ಮಾನಿಕ್ ಮೂಲದ್ದು, ಬೆನ್ನು ಎಂಬರ್ಥದ ಪದಕ್ಕೆ ಸೇರಿದ್ದು.

ಬ್ರೆಜಿಲಿನ ಪದ ಹಿಸ್ಪಾನಿಯೋಲ ದ್ವೀಪದಲ್ಲಿ ಬೇರೂರಿದ್ದಕ್ಕೆ ಕಾರಣ ದನಗಳು. ಇಂದು ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯ ಹಂಚಿಕೊಂಡಿರುವ ದ್ವೀಪ ಇದು. 1493ರ ಎರಡನೆಯ ಯಾನದಲ್ಲಿ ಕೊಲಂಬಸ್ ಇಲ್ಲಿಗೆ ದನ, ಹಂದಿ ತಂದಿಳಿಸಿದ. ಕೆಲವೇ ದಶಕಗಳಲ್ಲಿ ಟೈನೊ ಜನ ಚಿನ್ನದ ಗಣಿಗಳ ಜೀತಕ್ಕೆ ಮತ್ತು ಹೊಸ ರೋಗಗಳಿಗೆ ಬಲಿಯಾಗಿ ಹೆಚ್ಚುಕಡಿಮೆ ನಿರ್ನಾಮವಾದರು. ಚಿನ್ನವೂ ಮುಗಿಯುತ್ತ ಬಂತು. ಮೆಕ್ಸಿಕೊ, ಪೆರು ಕೈಸೇರಿದ ಮೇಲೆ ಸ್ಪ್ಯಾನಿಷರಿಗೆ ಈ ದ್ವೀಪದ ಮೇಲಿನ ಮೋಹ ತಗ್ಗಿತು. ಜನ ಕಡಿಮೆಯಾದ ನೆಲದಲ್ಲಿ ದನಗಳು ಬೇಕಾದಷ್ಟು ಹೆಚ್ಚಿದವು.

ಉತ್ತರ ಮತ್ತು ಪಶ್ಚಿಮ ಕರಾವಳಿಯಲ್ಲಿ ಉಳಿದಿದ್ದ ಬಡ ಸ್ಪ್ಯಾನಿಷರು ಡಚ್, ಫ್ರೆಂಚ್, ಇಂಗ್ಲಿಷ್ ಹಡಗುಗಳಿಗೆ ಚರ್ಮ ಮಾರಿ ಬಟ್ಟೆಬರೆ ಕೊಳ್ಳುತ್ತಿದ್ದರು. ಸ್ಪೇನಿನ ಕಾನೂನಿನಲ್ಲಿ ಇದು ಕಳ್ಳವ್ಯಾಪಾರ. ಸಾಲದೆಂಬಂತೆ, ಈ ಹಡಗುಗಳಲ್ಲಿ ಲೂಥರ್ ಪಂಥದ ಬೈಬಲ್‌ಗಳೂ ಬರುತ್ತಿವೆ ಎಂದು ಚರ್ಚಿನವರು ದೂರಿದರು. ಮೂರನೆಯ ಫಿಲಿಪ್ ದೊರೆಯ ಆಜ್ಞೆಯಂತೆ 1605-06ರಲ್ಲಿ ಗವರ್ನರ್ ಅಂಟೊನಿಯೊ ದೆ ಒಸೋರಿಯೊ ಆ ಇಡೀ ಕರಾವಳಿಯನ್ನೇ ಖಾಲಿ ಮಾಡಿಸಿದ. ಪೋರ್ಟೊ ಪ್ಲಾಟ, ಮೊಂಟೆ ಕ್ರಿಸ್ಟಿ, ಯಗ್ವಾನದಂಥ ಊರುಗಳ ಜನರನ್ನು ಒತ್ತಾಯದಿಂದ ಎಬ್ಬಿಸಿ ರಾಜಧಾನಿ ಸಾಂಟೊ ಡೊಮಿಂಗೊದ ಹತ್ತಿರಕ್ಕೆ ಸಾಗಿಸಿದರು. ಮನೆಗಳನ್ನು ಸುಟ್ಟರು. ದನಗಳನ್ನೂ ಹೊಡೆದುಕೊಂಡು ಬನ್ನಿ ಎಂಬುದು ಆಜ್ಞೆಯಾಗಿತ್ತು, ಆದರೆ ಕಾಡುಬಿದ್ದ ದನಗಳನ್ನು ಹಿಡಿದು ನೂರಾರು ಮೈಲಿ ನಡೆಸುವುದು ಕಾಗದದ ಮೇಲಷ್ಟೇ ಸುಲಭ. ಬಹುಪಾಲು ಅಲ್ಲೇ ಉಳಿದವು.

ಇತಿಹಾಸದಲ್ಲಿ ಇಷ್ಟು ಎದ್ದು ಕಾಣುವ ಆಡಳಿತದ ಎಡವಟ್ಟು ಅಪರೂಪ. ಕಳ್ಳವ್ಯಾಪಾರ ನಿಲ್ಲಿಸಲು ಹೊರಟವರು ಪರದೇಶಿಯರಿಗೆ ಕಾವಲಿಲ್ಲದ ಕರಾವಳಿ, ಒಡೆಯರಿಲ್ಲದ ದನ ಎರಡನ್ನೂ ಒಟ್ಟಿಗೆ ಬಿಟ್ಟುಕೊಟ್ಟರು. ಬರುವವರು ಬಂದೇ ಬಂದರು: ಹಡಗು ಒಡೆದು ದಡ ಸೇರಿದವರು, ನೌಕೆ ಬಿಟ್ಟು ಓಡಿಬಂದವರು, ನಾರ್ಮಂಡಿ ಕಡೆಯ ಫ್ರೆಂಚರು, ಅವರ ಜೊತೆ ಕೆಲವು ಇಂಗ್ಲಿಷರು, ಡಚ್ಚರು. ದನ ಹೊಡೆದರು, ಚರ್ಮ ಸುಲಿದರು, ಮಾಂಸವನ್ನು ಬೂಕಾನ್ ಮೇಲೆ ಹಾಕಿದರು. ಬೂಕಾನ್ ಬಳಸುವವನು ಫ್ರೆಂಚಿನಲ್ಲಿ ‘ಬೂಕನಿಯೇ’ ಆದ, ಇಂಗ್ಲಿಷಿನಲ್ಲಿ ಅದೇ ‘ಬಕನೀರ್’.

ಈ ಬೇಟೆಗಾರರ ದಿನಚರಿಯನ್ನು ನಮಗೆ ತಿಳಿಸುವವನು ಮುಖ್ಯವಾಗಿ ಅಲೆಕ್ಸಾಂಡ್ರ್ ಎಕ್ಸ್ಕೆಮೆಲಿನ್. 1666ರಲ್ಲಿ ಫ್ರೆಂಚ್ ಕಂಪನಿಯೊಂದರ ಜೀತದಾಳಾಗಿ ಟೊರ್ಟುಗ ದ್ವೀಪಕ್ಕೆ ಬಂದು, ಆಮೇಲೆ ಶಸ್ತ್ರವೈದ್ಯನಾಗಿ ಕಡಲ್ಗಳ್ಳರ ಜೊತೆಯೇ ಹೋದವನು. ಅವನ ಪ್ರಕಾರ ಚರ್ಮಕ್ಕಾಗಿ ಗೂಳಿ ಹೊಡೆಯುವವರು ಬೇರೆ, ಮಾಂಸಕ್ಕಾಗಿ ಕಾಡುಹಂದಿ ಹೊಡೆಯುವವರು ಬೇರೆ. ಗೂಳಿ ಬೇಟೆಯವರು ನಸುಕಿನಲ್ಲೇ ನಾಯಿಗಳ ಹಿಂಡಿನೊಡನೆ ಹೊರಡುತ್ತಿದ್ದರು. ಮೊದಲ ಪ್ರಾಣಿ ಬಿದ್ದೊಡನೆ ದೊಡ್ಡ ಮೂಳೆಗಳನ್ನು ಒಡೆದು ಬಿಸಿಬಿಸಿ ಮಜ್ಜೆಯನ್ನು ಹೀರಿದರೆ ಅದೇ ಬೆಳಗಿನ ಉಪಾಹಾರ. ಹಂದಿ ಬೇಟೆಯವರು ಮಾಂಸವನ್ನು ಮೂಳೆಯಿಂದ ಬಿಡಿಸಿ, ಉದ್ದುದ್ದ ಪಟ್ಟಿಗಳಾಗಿ ಕೊಯ್ದು, ಉಪ್ಪು ಉದುರಿಸಿ ರಾತ್ರಿಯಿಡೀ ಬಿಡುತ್ತಿದ್ದರು. ಮರುದಿನ ಎಲೆ ಹೊದಿಸಿದ ಗುಡಿಸಲಿನೊಳಗೆ ಕೋಲುಗಳ ಮೇಲೆ ಹಾಸಿ, ಕೆಳಗಿನ ಬೆಂಕಿಗೆ ಅದೇ ಹಂದಿಯ ಚರ್ಮದ ಚೂರು, ಮೂಳೆಗಳನ್ನು ಎಸೆಯುತ್ತಿದ್ದರು. ದಟ್ಟವಾಗಿ ಏಳುವ ಆ ಹೊಗೆಯಲ್ಲಿ ಮಾಂಸ ಒಣಗಿ ಗಟ್ಟಿಯಾಗುತ್ತಿತ್ತು. ಬರಿಯ ಕಟ್ಟಿಗೆಯ ಹೊಗೆಗಿಂತ ಇದರಿಂದ ರುಚಿ ಹೆಚ್ಚು ಎಂಬುದು ಅವರ ನಂಬಿಕೆ. ಹೀಗೆ ಸಿದ್ಧವಾದದ್ದನ್ನು ಕಟ್ಟುಕಟ್ಟಿ ಹಾದುಹೋಗುವ ಹಡಗುಗಳಿಗೆ ಕೊಟ್ಟು ಬದಲಿಗೆ ಬಂದೂಕಿನ ಮದ್ದು, ಸೀಸ, ಬ್ರಾಂದಿ, ಬಟ್ಟೆ ಪಡೆಯುತ್ತಿದ್ದರು.

ರಕ್ತದಲ್ಲಿ ನೆನೆದು ಒಣಗಿ ರಟ್ಟಾದ ಅಂಗಿ, ಹಸಿ ಹಂದಿಚರ್ಮವನ್ನು ಕಾಲಿಗೆ ಸುತ್ತಿ ಮಾಡಿಕೊಂಡ ಪಾದರಕ್ಷೆ, ಸೊಂಟದಲ್ಲಿ ಸುಲಿಯುವ ಚೂರಿಗಳು, ಸೊಳ್ಳೆಗೆ ಹೆದರಿ ಮೈಗೆಲ್ಲ ಬಳಿದುಕೊಂಡ ಕೊಬ್ಬು. ವಾಸನೆಯನ್ನು ಊಹಿಸಿಕೊಳ್ಳುವುದು ಓದುಗರಿಗೆ ಬಿಟ್ಟದ್ದು. ಕೈಯಲ್ಲಿ ಆಳೆತ್ತರದ ಬಂದೂಕು. ಅದಕ್ಕೂ ಫ್ರೆಂಚಿನಲ್ಲಿ ‘ಬೂಕನಿಯೇ ಬಂದೂಕು’ ಎಂದೇ ಹೆಸರಾಯಿತು.

ಇವರನ್ನು ಸ್ವತಂತ್ರ ಜೀವಿಗಳೆಂದು ಹೊಗಳುವ ಬರಹಗಳು ಬಹಳ. ಯಜಮಾನ ಸ್ವತಂತ್ರ, ಸರಿ. ಅವನ ಚರ್ಮದ ಹೊರೆ ಹೊರುತ್ತಿದ್ದ ಆಳು ಮೂರು ವರ್ಷಕ್ಕೆ ಮಾರಾಟವಾಗಿ ಬಂದವನು. ಎಕ್ಸ್ಕೆಮೆಲಿನ್ ಒಂದು ಪ್ರಸಂಗ ಹೇಳುತ್ತಾನೆ. ಭಾನುವಾರವೂ ಚರ್ಮ ಹೊತ್ತು ಕಡಲತೀರಕ್ಕೆ ನಡೆಯಬೇಕಾದ ಆಳೊಬ್ಬ, ಆರು ದಿನ ದುಡಿದು ಏಳನೆಯ ದಿನ ವಿಶ್ರಮಿಸಬೇಕೆಂದು ದೇವರ ಅಪ್ಪಣೆ ಇದೆಯಲ್ಲ ಎಂದನಂತೆ. ಆರು ದಿನ ಗೂಳಿ ಕೊಂದು ಸುಲಿಯಬೇಕು, ಏಳನೆಯ ದಿನ ಚರ್ಮವನ್ನು ದಡಕ್ಕೆ ಹೊರಬೇಕು, ಇದು ನನ್ನ ಅಪ್ಪಣೆ ಎಂದ ಯಜಮಾನ ಅವನಿಗೆ ಬಾರಿಸಿದನಂತೆ. ಆಳಾಗಿ ಪೆಟ್ಟು ತಿಂದವನೇ ಬರೆದ ಪುಸ್ತಕವಾದ್ದರಿಂದ ಇಲ್ಲಿ ಅತಿಶಯೋಕ್ತಿ ಇದ್ದರೂ ನನಗೆ ಆಕ್ಷೇಪವಿಲ್ಲ.

ಬೇಟೆಗಾರರು ಕಡಲಿಗಿಳಿದದ್ದಕ್ಕೆ ಕಾರಣವೂ ಸ್ಪೇನಿನ ಇನ್ನೊಂದು ತೀರ್ಮಾನವೇ. ಬಂದವರನ್ನು ಓಡಿಸಲು ಸಾಂಟೊ ಡೊಮಿಂಗೊದವರು ಐವತ್ತೈವತ್ತು ಜನರ ಭರ್ಜಿಪಡೆಗಳನ್ನು ಗಸ್ತಿಗೆ ಬಿಟ್ಟರು. 1630ರ ದಶಕದಲ್ಲಿ, ಬೇಟೆಗಾರರು ನೆಲೆ ಮಾಡಿಕೊಂಡಿದ್ದ ಪಕ್ಕದ ಟೊರ್ಟುಗ ದ್ವೀಪದ ಮೇಲೆ ದಾಳಿ ಮಾಡಿ ಸಿಕ್ಕವರನ್ನು ಕೊಂದರು. ಅದರಿಂದಲೂ ಆಗದಿದ್ದಾಗ ದನಗಳನ್ನೇ ಕೊಂದು ಹಾಕತೊಡಗಿದರು. ಬೇಟೆಯೇ ಇಲ್ಲದಿದ್ದರೆ ಬೇಟೆಗಾರ ಹೊರಟುಹೋಗುತ್ತಾನೆ ಎಂಬುದು ಲೆಕ್ಕ. ಆ ಲೆಕ್ಕ ತಪ್ಪಲಿಲ್ಲ. ಕೆಲವರು ತಂಬಾಕು ಬೆಳೆಯಲು ಕೂತರು. ಉಳಿದವರು ದೋಣಿ ಹತ್ತಿ ಸ್ಪ್ಯಾನಿಷ್ ಹಡಗುಗಳ ಬೆನ್ನುಹತ್ತಿದರು. ಮೊದಲೇ ಸ್ಪೇನಿನ ಮೇಲೆ ಹಗೆ ಇತ್ತು, ಈಗ ಹೊಟ್ಟೆಪಾಡಿಗೂ ಬೇರೆ ದಾರಿ ಇರಲಿಲ್ಲ.

ಹಳೆಯ ಕಸುಬಿನ ಕೌಶಲ ಇಲ್ಲಿ ನೇರವಾಗಿ ಒದಗಿತು. ಫಿರಂಗಿಗಳಿರುವುದು ಹಡಗಿನ ಪಕ್ಕಗಳಲ್ಲಿ. ಆದ್ದರಿಂದ ಇವರ ಸಣ್ಣ ದೋಣಿಗಳು ಹಿಂಬದಿಯಿಂದ ನುಗ್ಗುತ್ತಿದ್ದವು. ಗೂಳಿಗೆ ಗುರಿಯಿಟ್ಟು ಪಳಗಿದವರು ದೂರದಿಂದಲೇ ಚುಕ್ಕಾಣಿ ಹಿಡಿದವನನ್ನೂ ಹಾಯಿ ತಿರುಗಿಸುವವರನ್ನೂ ಉರುಳಿಸುತ್ತಿದ್ದರು. ದಾರಿಗೆ ಬುತ್ತಿ? ಅದೇ ಹೊಗೆಗಿಟ್ಟ ಮಾಂಸ. 1640ರಲ್ಲಿ ಲವಾಸ್ಯೂರ್ ಎಂಬ ಫ್ರೆಂಚ್ ಎಂಜಿನಿಯರ್ ಟೊರ್ಟುಗವನ್ನು ಹಿಡಿದು ಬಂದರಿನ ಮೇಲಿನ ಬಂಡೆಯಲ್ಲಿ ಕೋಟೆ ಕಟ್ಟಿದ. 1655ರಲ್ಲಿ ಇಂಗ್ಲಿಷರು ಜಮೈಕವನ್ನು ಕಸಿದುಕೊಂಡರು. ಅಲ್ಲಿನ ಪೋರ್ಟ್ ರಾಯಲ್ ಇವರ ಎರಡನೆಯ ತವರಾಯಿತು. ಇಂಗ್ಲಿಷ್ ಗವರ್ನರುಗಳಿಗೆ ದ್ವೀಪ ಕಾಯಲು ನೌಕಾಪಡೆ ಸಾಲದು, ಇವರಿಗೆ ಲೂಟಿಯ ಮಾಲು ಮಾರಲು ಬಂದರು ಬೇಕು. ಒಪ್ಪಂದ ಕುದುರಿತು.

ಹೊರಡುವ ಮೊದಲು ಇವರು ಬರೆದುಕೊಳ್ಳುತ್ತಿದ್ದ ಕರಾರನ್ನು ಗಮನಿಸಬೇಕು. ಲೂಟಿ ಸಿಕ್ಕದಿದ್ದರೆ ಯಾರಿಗೂ ಸಂಬಳವಿಲ್ಲ. ಸಿಕ್ಕರೆ ಮೊದಲು ಬಡಗಿ ಮತ್ತು ವೈದ್ಯರಿಗೆ ನಿಗದಿಯಾದ ಹಣ, ಆಮೇಲೆ ಅಂಗ ಕಳೆದುಕೊಂಡವರಿಗೆ ಪರಿಹಾರ. ಎಕ್ಸ್ಕೆಮೆಲಿನ್ ಕೊಡುವ ದರ ಹೀಗಿದೆ: ಬಲಗೈಗೆ 600 ಸ್ಪ್ಯಾನಿಷ್ ಬೆಳ್ಳಿನಾಣ್ಯ ಅಥವಾ ಆರು ಗುಲಾಮರು, ಎಡಗೈಗೆ 500 ಅಥವಾ ಐವರು, ಬಲಗಾಲಿಗೆ 500, ಎಡಗಾಲಿಗೆ 400, ಒಂದು ಕಣ್ಣಿಗೆ 100 ಅಥವಾ ಒಬ್ಬ ಗುಲಾಮ. ಉಳಿದದ್ದರಲ್ಲಿ ಪಾಲು. ಇದನ್ನು ಕಾರ್ಮಿಕ ವಿಮೆಯ ಮುನ್ನುಡಿ ಎಂದು ಕೊಂಡಾಡುವವರು ‘ಅಥವಾ ಆರು ಗುಲಾಮರು’ ಎಂಬ ಭಾಗವನ್ನು ಯಾಕೋ ಬಿಟ್ಟುಬಿಡುತ್ತಾರೆ.

ಹೆಸರಿನ ಗೊಂದಲ ಶುರುವಾಗುವುದು ಇಲ್ಲಿಂದ. ಕಡಲಿಗಿಳಿದ ಮೇಲೆ ಫ್ರೆಂಚರು ಇವರನ್ನು ‘ಬೂಕನಿಯೇ’ ಎನ್ನಲಿಲ್ಲ. ಆ ಹೆಸರು ದಡದ ಬೇಟೆಗಾರನಿಗೇ ಮೀಸಲು. ಕಡಲಲ್ಲಿ ದೋಚುವವನು ‘ಫ್ಲಿಬುಸ್ತಿಯೇ’. ಇದು ಡಚ್ಚರ ‘ವ್ರೈಬೌಟರ್’ನಿಂದ, ಅಂದರೆ ಸ್ವಂತ ಲಾಭಕ್ಕೆ ಲೂಟಿಗೆ ಹೊರಟವನು ಎಂಬ ಪದದಿಂದ ಬಂದದ್ದು. ಒಬ್ಬನೇ ಮನುಷ್ಯ ಒಂದು ಋತುವಿನಲ್ಲಿ ಬೂಕನಿಯೇ, ಇನ್ನೊಂದರಲ್ಲಿ ಫ್ಲಿಬುಸ್ತಿಯೇ ಆಗಿರಬಹುದಿತ್ತು, ಹೆಸರು ಮಾತ್ರ ಕಸುಬಿಗೆ ತಕ್ಕಂತೆ ಬದಲಾಗುತ್ತಿತ್ತು. ಜಮೈಕದ ಇಂಗ್ಲಿಷರಂತೂ ತಮ್ಮನ್ನು ‘ಪ್ರೈವೆಟೀರ್’ ಎಂದುಕೊಳ್ಳುತ್ತಿದ್ದರು: ಶತ್ರುದೇಶದ ಹಡಗು ಹಿಡಿಯಲು ಸರ್ಕಾರದ ಪರವಾನಗಿ ಪತ್ರ ಇರುವವರು. ಆ ಪತ್ರ ಇದ್ದರೆ ಯೋಧ, ಇಲ್ಲದಿದ್ದರೆ ಕಳ್ಳ. ಯಾರ ಪತ್ರ, ಯಾವ ತಾರೀಖಿನದು ಎಂಬ ಪ್ರಶ್ನೆ ಸದಾ ಇದ್ದೇ ಇತ್ತು. ಪನಾಮದ ದಾಳಿ ನಡೆದದ್ದು ಇಂಗ್ಲೆಂಡ್ ಮತ್ತು ಸ್ಪೇನ್ 1670ರ ಮ್ಯಾಡ್ರಿಡ್ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ. ಮಾರ್ಗನ್‌ನನ್ನು ಹಿಡಿದು ಲಂಡನ್ನಿಗೆ ಕರೆದೊಯ್ದರು, ಆಮೇಲೆ 1674ರಲ್ಲಿ ಸರ್ ಪದವಿ ಕೊಟ್ಟು ಜಮೈಕದ ಉಪಗವರ್ನರನನ್ನಾಗಿ ಮಾಡಿ ವಾಪಸು ಕಳಿಸಿದರು. ನಮ್ಮ ಕರಾವಳಿಯಲ್ಲೂ ಇಂಥದೇ ನಡೆದಿತ್ತು. ಹೊನ್ನಾವರದ ತಿಮ್ಮೋಜನನ್ನು ಕಡಲ್ಗಳ್ಳ ಎನ್ನುತ್ತಿದ್ದ ಪೋರ್ಚುಗೀಸರೇ 1510ರಲ್ಲಿ ಗೋವಾ ಹಿಡಿಯಲು ಅವನ ನೆರವು ಪಡೆದರು.

ಹಾಗಾದರೆ ಬೇಟೆಗಾರನ ಹೆಸರು ಇಂಗ್ಲಿಷಿನಲ್ಲಿ ಕಳ್ಳನ ತಲೆಗೆ ಕಟ್ಟಿದವರು ಯಾರು? ನನ್ನ ಉತ್ತರ: ಹೆಚ್ಚಿನ ಪಾಲು ಪುಸ್ತಕ ವ್ಯಾಪಾರಿಗಳು. ಎಕ್ಸ್ಕೆಮೆಲಿನ್ನನ ಪುಸ್ತಕ 1678ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಡಚ್ ಭಾಷೆಯಲ್ಲಿ ಬಂತು. ಅದರ ಹೆಸರಿನಲ್ಲಿದ್ದದ್ದು ‘ಅಮೆರಿಕದ ಕಡಲ ದರೋಡೆಕೋರರು’ ಎಂದು. 1681ರ ಸ್ಪ್ಯಾನಿಷ್ ಅನುವಾದ ‘ಪಿರಾತಾಸ್’ ಎಂದಿತು. ಪೆಟ್ಟು ತಿಂದವರು ಬೇರೇನು ತಾನೇ ಕರೆದಾರು! 1686ರ ಫ್ರೆಂಚ್ ಆವೃತ್ತಿ ನಯವಾಗಿ ‘ಸಾಹಸಿಗರು’ ಎಂದಿತು. 1684ರಲ್ಲಿ ಸ್ಪ್ಯಾನಿಷಿನಿಂದ ಇಂಗ್ಲಿಷಿಗೆ ತಂದವರು ಮಾತ್ರ ಮುಖಪುಟದ ಮೇಲೆ ‘ಬಕನೀರ್ಸ್ ಆಫ್ ಅಮೆರಿಕ’ ಎಂದು ಅಚ್ಚು ಹಾಕಿದರು. ಒಂದೇ ಪುಸ್ತಕ, ನಾಲ್ಕು ಭಾಷೆ, ನಾಲ್ಕು ಹೆಸರು. ಇಂಗ್ಲಿಷ್ ಓದುಗನಿಗೆ ಬೂಕಾನ್ ಯಾವುದು, ಹಂದಿ ಬೇಟೆ ಯಾವುದು ಎಂಬ ಗೊಡವೆ ಇರಲಿಲ್ಲ. ಪುಟ ತಿರುವಿದರೆ ಸಿಗುತ್ತಿದ್ದದ್ದು ದಾಳಿ, ಬೆಂಕಿ, ಚಿತ್ರಹಿಂಸೆ. ಮುಖಪುಟದ ಪದಕ್ಕೆ ಒಳಪುಟಗಳ ಅರ್ಥ ಅಂಟಿಕೊಂಡಿತು. ಮಾರ್ಗನ್ ಮೊಕದ್ದಮೆ ಹಾಕಿದ್ದೂ ಇದೇ ಪುಸ್ತಕದ ಇಂಗ್ಲಿಷ್ ಪ್ರಕಾಶಕರ ಮೇಲೆ. ಅವನನ್ನು ಹೆಚ್ಚು ಕೆರಳಿಸಿದ್ದು ಕ್ರೌರ್ಯದ ವರ್ಣನೆಯಲ್ಲ, ಅವನು ಮೊದಲು ಬಾರ್ಬಡೋಸಿಗೆ ಜೀತದಾಳಾಗಿ ಹೋದವನು ಎಂಬ ಸಾಲು ಎನ್ನುತ್ತಾರೆ.

ಆದ್ದರಿಂದ ಬಕನೀರ್ ಎಂದರೆ ಸಿಕ್ಕಸಿಕ್ಕ ಕಡಲ್ಗಳ್ಳನಲ್ಲ. ಹದಿನೇಳನೆಯ ಶತಮಾನ, ಕೆರಿಬಿಯನ್ ಸಮುದ್ರ, ಸ್ಪೇನಿನ ಆಸ್ತಿ, ಈ ಮೂರೂ ಕೂಡಿದರೆ ಮಾತ್ರ ಆ ಹೆಸರು ಸರಿಹೋಗುತ್ತದೆ. 1718ರಲ್ಲಿ ಸತ್ತ ಬ್ಲ್ಯಾಕ್‌ಬಿಯರ್ಡ್ ಬಕನೀರ್ ಅಲ್ಲ, ಅವನು ಮುಂದಿನ ತಲೆಮಾರಿನವನು. ಅಷ್ಟರಲ್ಲಿ ಇವರ ಕಾಲ ಮುಗಿದಿತ್ತು. 1692ರ ಜೂನ್ 7ರಂದು ಭೂಕಂಪವಾಗಿ ಪೋರ್ಟ್ ರಾಯಲ್‌ನ ದೊಡ್ಡ ಭಾಗ ಸಮುದ್ರಕ್ಕೆ ಜಾರಿತು. 1697ರ ರೈಸ್ವಿಕ್ ಒಪ್ಪಂದದಲ್ಲಿ ಹಿಸ್ಪಾನಿಯೋಲದ ಪಶ್ಚಿಮ ಭಾಗ ಫ್ರಾನ್ಸಿಗೆ ಅಧಿಕೃತವಾಗಿ ಸೇರಿತು. ಬೇಟೆಗಾರರ ಕಾಡು ಕಬ್ಬಿನ ತೋಟವಾಯಿತು, ಗುಲಾಮರ ಬೆವರಿನಲ್ಲಿ. ಕಬ್ಬು, ಸಕ್ಕರೆಯಿಂದ ಹಣ ಬರತೊಡಗಿದ ಮೇಲೆ ಸರ್ಕಾರಗಳಿಗೆ ಶಾಂತ ಸಮುದ್ರ ಬೇಕಾಯಿತು, ಇವರು ಬೇಡವಾದರು.

ಕಸುಬು ಬಿಡದವರು ಬೇರೆ ನೀರು ಹುಡುಕಿಕೊಂಡು ಹೋದರು. ಕೆಲವರು ಪೆಸಿಫಿಕ್‌ಗೆ, ಕೆಲವರು ಹಿಂದೂ ಮಹಾಸಾಗರಕ್ಕೆ. 1689ರಲ್ಲಿ ಕೆರಿಬಿಯನ್ನಿನಲ್ಲಿ ಫ್ರೆಂಚರೂ ಇಂಗ್ಲಿಷರೂ ಕಲೆತಿದ್ದ ಇಂಥದೊಂದು ತಂಡದಲ್ಲಿದ್ದ ವಿಲಿಯಂ ಕಿಡ್ 1697ರಲ್ಲಿ ನಮ್ಮ ಕಾರವಾರಕ್ಕೇ ಬಂದಿದ್ದ. ಕೈಯಲ್ಲಿ ಕಡಲ್ಗಳ್ಳರನ್ನು ಹಿಡಿಯಲು ಇಂಗ್ಲೆಂಡಿನ ದೊರೆ ಕೊಟ್ಟ ಪರವಾನಗಿ. ಕಟ್ಟಿಗೆ, ನೀರು ತುಂಬಿಸಿಕೊಳ್ಳಲು ಹಡಗು ನಿಲ್ಲಿಸಿದಾಗ ಕೆಲವು ನಾವಿಕರು ತಪ್ಪಿಸಿಕೊಂಡರು. ಅವನ ಉದ್ದೇಶ ಕಳ್ಳತನವೇ ಎಂಬ ಸುದ್ದಿ ಅಲ್ಲಿನ ಈಸ್ಟ್ ಇಂಡಿಯಾ ಕಂಪನಿಯ ಕೋಠಿಗೆ ಮುಟ್ಟಿತು. ಮರುವರ್ಷ ಜನವರಿಯಲ್ಲಿ ಅವನು ಮಲಬಾರ್ ಕರಾವಳಿಯಾಚೆ ‘ಕ್ವೆಡಾ ಮರ್ಚೆಂಟ್’ ಹಡಗು ಹಿಡಿದ. ಅದಕ್ಕೆ ಫ್ರೆಂಚ್ ರಹದಾರಿ ಇತ್ತು, ಆದ್ದರಿಂದ ಅದು ಶತ್ರುವಿನ ಹಡಗು ಎಂಬುದು ಅವನ ವಾದ. ನ್ಯಾಯಾಲಯ ಒಪ್ಪಲಿಲ್ಲ. 1701ರ ಮೇ 23ರಂದು ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಅವನನ್ನು ಗಲ್ಲಿಗೇರಿಸಿದರು.

ಫ್ರೆಂಚರ ‘ಫ್ಲಿಬುಸ್ತಿಯೇ’ ಸ್ಪ್ಯಾನಿಷಿಗೆ ಹೋಗಿ, ಅಲ್ಲಿಂದ ‘ಫಿಲಿಬಸ್ಟರ್’ ಎಂದು ಅಮೆರಿಕದ ಇಂಗ್ಲಿಷಿಗೆ ಬಂತು. ಹತ್ತೊಂಬತ್ತನೆಯ ಶತಮಾನದಲ್ಲಿ ಖಾಸಗಿ ಪಡೆ ಕಟ್ಟಿಕೊಂಡು ಲ್ಯಾಟಿನ್ ಅಮೆರಿಕದ ದೇಶಗಳ ಮೇಲೆ ಬಿದ್ದವರಿಗೆ ಆ ಹೆಸರಿತ್ತು. ಅಂಥವರಲ್ಲೊಬ್ಬನಾದ ವಿಲಿಯಂ ವಾಕರ್ 1856ರಲ್ಲಿ ನಿಕರಾಗುವದ ಅಧ್ಯಕ್ಷನೇ ಆಗಿಬಿಟ್ಟ. ಈಗ ಅಮೆರಿಕದ ಸೆನೆಟ್ಟಿನಲ್ಲಿ ಗಂಟೆಗಟ್ಟಲೆ ಮಾತಾಡಿ ಮಸೂದೆಗೆ ಅಡ್ಡಗಾಲು ಹಾಕುವುದಕ್ಕೆ ಅದೇ ಪದ. ‘ಬಕನೀರ್’ ಅಷ್ಟು ದೂರ ಹೋಗಲಿಲ್ಲ. ಫ್ಲಾರಿಡಾದ ಟ್ಯಾಂಪಾ ಬೇಯ ಅಮೆರಿಕನ್ ಫುಟ್ಬಾಲ್ ತಂಡದ ಹೆಸರಾಗಿ ಚೆಂದವಾಗಿ ಬದುಕುತ್ತಿದೆ.

ಮೂಲ ಬೂಕಾನ್ ಏನಾಯಿತು? 1694ರಲ್ಲಿ ಮಾರ್ಟಿನಿಕ್ ದ್ವೀಪಕ್ಕೆ ಬಂದ ಲಾಬಾ ಎಂಬ ಫ್ರೆಂಚ್ ಪಾದ್ರಿ ಆಗಲೇ ಅದನ್ನು ವನಭೋಜನವಾಗಿ ಕಂಡಿದ್ದ. ಗೆಳೆಯರೆಲ್ಲ ಕಾಡಿಗೆ ಹೋಗಿ, ನಾಲ್ಕು ಕವೆಗೋಲು ನೆಟ್ಟು, ಹೊಟ್ಟೆ ಬಿಡಿಸಿದ ಇಡೀ ಹಂದಿಯನ್ನು ಬೆನ್ನ ಮೇಲೆ ಮಲಗಿಸಿ, ಅದರೊಳಗೆ ನಿಂಬೆರಸ, ಉಪ್ಪು, ಜಜ್ಜಿದ ಮೆಣಸಿನಕಾಯಿ ತುಂಬಿ ಬೇಯಿಸಿ, ತಟ್ಟೆ ಬಿಟ್ಟು ಎಲೆಯಲ್ಲೇ ತಿನ್ನುತ್ತಿದ್ದರು. ನಿಜವಾದ ಬೇಟೆಗಾರರು ಮರೆಯಾಗುತ್ತಿದ್ದಂತೆಯೇ ಅವರಂತೆ ನಟಿಸುವುದು ಉಳ್ಳವರ ಮೋಜಾಗಿತ್ತು. ಫ್ರೆಂಚಿನಲ್ಲಿ ‘ಬೂಕಾನೆ’ ಎಂಬ ಕ್ರಿಯಾಪದಕ್ಕೆ ಇಂದಿಗೂ ಹೊಗೆಗಿಟ್ಟು ಒಣಗಿಸು ಎಂಬುದೇ ಅರ್ಥ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಸಂತೆಯಲ್ಲಿ ಆ ಹೆಸರು ಹೇಳಿ ಕೇಳಿದರೆ ಹೊಗೆಗಿಟ್ಟ ಹಂದಿಮಾಂಸ ತೂಗಿ ಕೊಡುತ್ತಾರೆ. ಅಲ್ಲಿನವರು ಅದನ್ನು ಟೊಮೆಟೊ, ಈರುಳ್ಳಿ, ಮೆಣಸಿನಕಾಯಿ ಹಾಕಿ ಬೇಯಿಸಿ, ಅನ್ನ ಮತ್ತು ಕಾಳಿನ ಜೊತೆ ಉಣ್ಣುತ್ತಾರೆ.